ಸ್ಪೀಕರಿನ ಗುಂಯ್: ಅದು 50ರದ್ದೋ, 100ರದ್ದೋ, 150ರದ್ದೋ?

ಮೈಕ್‌ಸೆಟ್ ಜೋಡಿಸಿ ಸ್ವಿಚ್ ಹಾಕಿದ ಕೂಡಲೇ ಸ್ಪೀಕರಿನಿಂದ ಗುಂಯ್ ಅಂತ ಸದ್ದು ಬಂದರೆ ಏನಾಗುತ್ತೆ ಗೊತ್ತಲ್ವಾ? ಒಬ್ಬರು ಕೇಬಲ್ ಅಲ್ಲಾಡಿಸುತ್ತಾರೆ. ಇನ್ನೊಬ್ಬರು ಟೂ ಪಿನ್ ಪ್ಲಗ್ಗನ್ನು ತಿರುಗಿಸಿ ಹಾಕುತ್ತಾರೆ. ಮೂರನೆಯವರು "ಅರ್ಥ್ ಪಿನ್ ತೆಗೆದುಬಿಡಿ ಸಾರ್, ಸರಿಹೋಗುತ್ತೆ" ಅನ್ನುತ್ತಾರೆ. ಕೆಲವೊಮ್ಮೆ ಸದ್ದು ನಿಲ್ಲುತ್ತದೆ. ಯಾಕೆ ನಿಂತಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಮತ್ತೆ ಹಾಜರು.

ವೈರಿಗೆ ಕೈ ಹಾಕುವ ಮೊದಲು ಆ ಸದ್ದಿನಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಇದೆ ಅಂತ ನೋಡಿ. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು. ದೇವಸ್ಥಾನದ ಸಭಾಂಗಣ, ಕಲ್ಯಾಣ ಮಂಟಪ, ಮನೆಯ ಪುಟ್ಟ ರೆಕಾರ್ಡಿಂಗ್ ಕೋಣೆ, ಎಲ್ಲ ಕಡೆಗೂ ಈ ಕ್ರಮ ನಡೆಯುತ್ತದೆ.

ಗುಂಯ್ ಅನ್ನುವುದು ಒಂದೇ ಸದ್ದಲ್ಲ

ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಜ್. ಗ್ರಿಡ್ಡನ್ನು 49.90ರಿಂದ 50.05 ಹರ್ಟ್ಜ್ ಒಳಗೆ ಇಡಬೇಕು ಅನ್ನುವುದು ನಿಯಮ. ಹಾಗಾಗಿ ಕರೆಂಟಿನಿಂದ ಬರುವ ಸದ್ದಿಗೆ ಒಂದು ನಿಗದಿಯಾದ ಸ್ವರ ಇರುತ್ತದೆ. ಅದು ಎಲ್ಲಿ ಕೂರುತ್ತದೆ ಅಂತ ಮೊದಲೇ ಹೇಳಬಹುದು.

ಆದರೆ ಕರೆಂಟಿನ ಅಲೆ ಯಾವಾಗಲೂ ನುಣುಪಾದ ಸೈನ್ ಆಗಿರುವುದಿಲ್ಲ. ಒಂದೇ ಆಕಾರದಲ್ಲಿ ಮತ್ತೆ ಮತ್ತೆ ಬರುವ ಯಾವ ಅಲೆಯನ್ನಾದರೂ ಒಂದು ಮೂಲ ಫ್ರೀಕ್ವೆನ್ಸಿ ಮತ್ತು ಅದರ 2, 3, 4, 5 ಪಟ್ಟುಗಳಾಗಿ ಬಿಡಿಸಬಹುದು. ಈ ಪಟ್ಟುಗಳೇ ಹಾರ್ಮೋನಿಕ್‌ಗಳು. ಫ್ರಾನ್ಸಿನ ಜೋಸೆಫ್ ಫೂರಿಯೆ 1822ರಲ್ಲಿ ಶಾಖದ ಹರಿವನ್ನು ಲೆಕ್ಕ ಹಾಕಲು ಹೊರಟು ಈ ದಾರಿ ತೋರಿಸಿದ. ಅದೇ ಲೆಕ್ಕ ತಂಬೂರಿಯ ತಂತಿಗೂ ನಡೆಯುತ್ತದೆ, ಗೋಡೆಯ ಪ್ಲಗ್ ಪಾಯಿಂಟಿಗೂ ನಡೆಯುತ್ತದೆ.

ಇದನ್ನು ನೀವು ಈಗಾಗಲೇ ಕೇಳಿದ್ದೀರಿ. ಕರೆಂಟ್ ಹೋಗಿ ಹಳೇ ಇನ್ವರ್ಟರ್ ಹಿಡಿದಾಗ ಸುಮ್ಮನೆ ತಿರುಗುತ್ತಿದ್ದ ಫ್ಯಾನು ಜುಂಯ್ ಅನ್ನಲು ಶುರು ಮಾಡುತ್ತದಲ್ಲ? ಫ್ಯಾನಿಗೆ ಏನೂ ಆಗಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ 50ರ ಜೊತೆಗೆ 150, 250, 350 ಹರ್ಟ್ಜ್‌ಗಳನ್ನೂ ಕೊಡುತ್ತದೆ. ಪೂರ್ತಿ ಸ್ಕ್ವೇರ್ ಅಲೆಯಲ್ಲಿ ಮೂರನೆಯ ಹಾರ್ಮೋನಿಕ್ ಮೂಲದ ಮೂರನೇ ಒಂದು ಭಾಗ, ಐದನೆಯದು ಐದನೇ ಒಂದು ಭಾಗ ಇರುತ್ತದೆ. ಬೇಡದ ಆ ಫ್ರೀಕ್ವೆನ್ಸಿಗಳು ಮೋಟರನ್ನು ನಡುಗಿಸುತ್ತವೆ. ಸೈನ್ ವೇವ್ ಇನ್ವರ್ಟರಿನಲ್ಲಿ ಅದೇ ಫ್ಯಾನು ತೆಪ್ಪಗಿರುತ್ತದೆ.

ಮೊದಲ ಕೆಲಸ: ಶ್ರುತಿ ನಿಲ್ಲಿಸಿ

ಸಂಗೀತ ಕಚೇರಿಯಾಗಿದ್ದರೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಆಫ್ ಮಾಡಿ. ಇದು ಯಾಕೆ ಮುಖ್ಯ ಅಂದರೆ ತಂಬೂರಿ ಅನ್ನುವುದೇ ಹಾರ್ಮೋನಿಕ್‌ಗಳ ಉಗ್ರಾಣ. ಅದರ ಕುದುರೆಯ ಮೇಲ್ಭಾಗ ಕೊಂಚ ಬಾಗಿದೆ, ತಂತಿಯ ಕೆಳಗೆ ದಾರ ಬೇರೆ ಇದೆ. ತಂತಿ ಕುದುರೆಯನ್ನು ಸವರಿಕೊಂಡೇ ಕಂಪಿಸುತ್ತದೆ. ಸಾಮಾನ್ಯ ನಿಯಮದ ಪ್ರಕಾರ ಕೇಳಿಸಲೇಬಾರದ ಹಾರ್ಮೋನಿಕ್‌ಗಳೂ ಇದರಲ್ಲಿ ಕೇಳಿಸುತ್ತವೆ ಅಂತ ಸಿ.ವಿ. ರಾಮನ್ 1921ರಲ್ಲೇ ಗಮನಿಸಿ ಬರೆದಿದ್ದರು. ಇಂಥ ತುಂಬಿದ ನಾದದ ಅಡಿಯಲ್ಲಿ ಕರೆಂಟಿನ ಸದ್ದು ಅವಿತುಕೊಂಡರೆ ಪತ್ತೆ ಹಚ್ಚುವುದು ಕಷ್ಟ.

ಇನ್ನೊಂದು ತೊಂದರೆಯೂ ಇದೆ. ಗಾಯಕರು ಹಾರ್ಮೋನಿಯಂನ ಬಿಳಿ ಒಂದರಲ್ಲಿ, ಅಂದರೆ ಸಿ ಶ್ರುತಿಯಲ್ಲಿ ಹಾಡುತ್ತಿದ್ದಾರೆ ಅಂದುಕೊಳ್ಳಿ. ಷಡ್ಜ ಸುಮಾರು 130.8 ಹರ್ಟ್ಜ್. ತಂಬೂರಿಯ ಮಂದ್ರ ಪಂಚಮ 98.1 ಹರ್ಟ್ಜ್. ಸ್ಪೀಕರಿನಲ್ಲಿ 100 ಹರ್ಟ್ಜ್ ಗುಂಯ್ ಇದ್ದರೆ ಈ ಎರಡೂ ಸೇರಿ ಸೆಕೆಂಡಿಗೆ ಸುಮಾರು ಎರಡು ಸಲ ಏರಿಳಿಯುವ ಅಲೆ ಹುಟ್ಟುತ್ತದೆ. ಪಂಚಮದ ತಂತಿ ಎಷ್ಟು ಸರಿಮಾಡಿದರೂ ಕೂರುವುದಿಲ್ಲ. ಬಿರಡೆ ತಿರುಗಿಸಿ ತಿರುಗಿಸಿ ಸಾಕಾಗುತ್ತದೆ. ಹಾಡುವವರು ಜಿ ಶ್ರುತಿಯವರಾದರೆ ಷಡ್ಜ 196, ಆ 100 ಹರ್ಟ್ಜ್ ಗುಂಯ್‌ನ ಎರಡನೇ ಹಾರ್ಮೋನಿಕ್ 200. ಈ ಸಲ ಸೆಕೆಂಡಿಗೆ ನಾಲ್ಕು ಏರಿಳಿತ. ಈ ಎರಡು ಶ್ರುತಿಗಳಲ್ಲಿ ತಂಬೂರಿ ನಿಲ್ಲುತ್ತಿಲ್ಲ ಅಂತ ದೂರು ಬಂದರೆ ತಂಬೂರಿಯನ್ನು ಬೈಯುವ ಮೊದಲು ಆ್ಯಂಪ್ ಕಡೆ ನೋಡಿ.

ಎಣಿಸುವುದು ಹೇಗೆ

ಎರಡು ದಾರಿ. ಸುಲಭದ್ದು ಟ್ಯೂನರ್ ಆ್ಯಪ್. ಗುಂಯ್ ಬರುತ್ತಿರುವಾಗ ಫೋನನ್ನು ಸ್ಪೀಕರಿನ ಹತ್ತಿರ ಹಿಡಿಯಿರಿ. ಜಿ ಸ್ವರ, ಅದರ ಮೇಲೆ 35 ಸೆಂಟ್ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಭಾಗವೇ ಒಂದು ಸೆಂಟ್) ಅಂತ ತೋರಿಸಿದರೆ ಅದು 50, 100 ಅಥವಾ 200. ಡಿ ಸ್ವರ, 37 ಸೆಂಟ್ ಮೇಲೆ ಅಂದರೆ 150 ಅಥವಾ 300. ಇವಲ್ಲದೆ ಬೇರೆ ಯಾವುದೋ ಸ್ವರ ಬಂದರೆ ಅದು ಕರೆಂಟಿನ ಸದ್ದಲ್ಲದೇ ಇರಬಹುದು. ಮೈಕಿನ ಫೀಡ್‌ಬ್ಯಾಕ್ ಸಣ್ಣಗೆ ಕೂಗುತ್ತಿರಬಹುದು. ಅಮೆರಿಕದಲ್ಲಿ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಸೌಂಡ್ ನೋಡಿಕೊಳ್ಳುವವರಿಗೆ ಈ ಲೆಕ್ಕ ಬೇರೆ. ಅಲ್ಲಿ ಕರೆಂಟು 60 ಹರ್ಟ್ಜ್. ಸದ್ದು ಬಿ ಮತ್ತು ಬಿ ಫ್ಲ್ಯಾಟ್ ನಡುವೆ ಕೂರುತ್ತದೆ, ಹಾರ್ಮೋನಿಕ್‌ಗಳ ಏಣಿ 60, 120, 180 ಅಂತ ಹೋಗುತ್ತದೆ.

ಎರಡನೆಯ ದಾರಿ ಸ್ಪೆಕ್ಟ್ರಮ್, ಅಂದರೆ ಸದ್ದಿನಲ್ಲಿರುವ ಒಂದೊಂದು ಫ್ರೀಕ್ವೆನ್ಸಿಯನ್ನೂ ಒಂದೊಂದು ಗೀರಾಗಿ ತೋರಿಸುವ ಆ್ಯಪ್. ನನಗೆ ಇದೇ ಇಷ್ಟ, ಏಕೆಂದರೆ ಪೂರ್ತಿ ಏಣಿ ಒಂದೇ ಸಲ ಕಾಣುತ್ತದೆ. ಸೆಟ್ಟಿಂಗ್‌ನಲ್ಲಿ ಎಫ್‌ಎಫ್‌ಟಿ ಸೈಜ್ (ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ತೆಗೆದುಕೊಂಡು ಲೆಕ್ಕ ಹಾಕಬೇಕು ಅನ್ನುವ ಸಂಖ್ಯೆ) 16384 ಅಥವಾ ಅದಕ್ಕಿಂತ ಜಾಸ್ತಿ ಇಡಿ. 48000 ಸ್ಯಾಂಪಲ್ ವೇಗದಲ್ಲಿ ಆಗ ಸುಮಾರು 3 ಹರ್ಟ್ಜ್ ಅಂತರವನ್ನು ಬಿಡಿಸಿ ತೋರಿಸುತ್ತದೆ. 99, 101 ಅಂತ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ, ಅದು 100ರದ್ದೇ.

ಫೋನಿನ ಮೈಕಿಗೆ 50 ಹರ್ಟ್ಜ್ ಸರಿಯಾಗಿ ಸಿಗುವುದಿಲ್ಲ. ಸಣ್ಣ ಸ್ಪೀಕರ್ ಅದನ್ನು ಹೊರಗೂ ಬಿಡುವುದಿಲ್ಲ. ಆದರೂ ನಿಮಗೆ ಆಳದ ಗುಂಯ್ ಕೇಳಿಸುತ್ತದೆ. ಮೇಲಿನ ಹಾರ್ಮೋನಿಕ್‌ಗಳ ಅಂತರ ನೋಡಿಕೊಂಡು ಕಿವಿ ತಾನೇ ಆ ಕೆಳಗಿನ ಸ್ವರವನ್ನು ತುಂಬಿಕೊಳ್ಳುತ್ತದೆ. ಆದ್ದರಿಂದ 50ರ ಜಾಗ ಖಾಲಿ ಇದೆ ಅಂತ ತೀರ್ಮಾನ ಮಾಡಬೇಡಿ. 150, 250ರಲ್ಲಿ ಗೀರು ಇದೆಯಾ ನೋಡಿ. ಅಲ್ಲೇ ಉತ್ತರ ಇರುವುದು.

150, 250, 350 ಎದ್ದು ಕಂಡರೆ ಕರೆಂಟಿನ ಅಲೆಯೇ ನೇರವಾಗಿ ಆಡಿಯೋದೊಳಗೆ ನುಗ್ಗಿದೆ. 100, 200, 300, 400 ಮಾತ್ರ ಇದ್ದು ನಡುವಿನವು ಇಲ್ಲದಿದ್ದರೆ ಯಾವುದೋ ಪವರ್ ಸಪ್ಲೈ ಒಳಗಿನ ತೊಂದರೆ. ಬಾಚಣಿಗೆಯ ಹಲ್ಲಿನಂತೆ ಗೀರುಗಳು ಸಾಲಾಗಿ ಸಾವಿರಾರು ಹರ್ಟ್ಜ್ ತನಕ ಹೋಗಿದ್ದರೆ ಡಿಮ್ಮರ್, ಫ್ಯಾನ್ ರೆಗ್ಯುಲೇಟರ್ ಅಥವಾ ಅಗ್ಗದ ಅಡಾಪ್ಟರ್ ಮೇಲೆ ಅನುಮಾನ ಪಡಿ.

ಸದ್ದು ಕರೆಂಟಿನದ್ದೇ ಅಂತ ಖಾತ್ರಿ ಮಾಡಿಕೊಳ್ಳಲು ಒಂದು ಒಳ್ಳೆಯ ಸಂದರ್ಭ ಅಂದರೆ ಜನರೇಟರ್ ಹಾಕಿದಾಗ. ಲೋಡ್ ಕಡಿಮೆ ಇರುವಾಗ ಎಷ್ಟೋ ಡೀಸೆಲ್ ಜನರೇಟರ್‌ಗಳು 51, 52 ಹರ್ಟ್ಜ್‌ನಲ್ಲಿ ಓಡುತ್ತವೆ. ಗುಂಯ್‌ನ ಸ್ವರವೂ ಜೊತೆಗೇ ಮೇಲೇರಿದರೆ ಸಂಶಯವೇ ಬೇಡ.

150, 250 ಬಂದಿದೆ: ಅರ್ಥ್ ಲೂಪ್

ಮಿಕ್ಸರಿನ ಎಲ್ಲ ಫೇಡರ್ (ಒಂದೊಂದು ಚಾನೆಲ್‌ನ ಸದ್ದನ್ನು ಏರಿಸಿ ಇಳಿಸುವ ಜಾರುಗುಂಡಿ) ಕೆಳಗೆ ಇಳಿಸಿ. ಗುಂಯ್ ಹೋಯಿತಾ? ಹಾಗಾದರೆ ತೊಂದರೆ ಮಿಕ್ಸರಿಗೆ ಬರುವ ಯಾವುದೋ ಚಾನೆಲ್‌ನಲ್ಲಿದೆ. ಒಂದೊಂದೇ ಫೇಡರ್ ಏರಿಸುತ್ತಾ ಹೋದರೆ ಯಾವುದು ಅಂತ ಸಿಕ್ಕಿಬೀಳುತ್ತದೆ. ಎಲ್ಲ ಇಳಿಸಿದರೂ ಸದ್ದು ಹಾಗೇ ಇದ್ದರೆ ಮಿಕ್ಸರಿನಿಂದ ಆ್ಯಂಪ್ ತನಕದ ದಾರಿ ಅಥವಾ ಆ್ಯಂಪ್ ನೋಡಬೇಕು.

ಸಭಾಂಗಣಗಳಲ್ಲಿ ಸಾಮಾನ್ಯವಾಗಿ ಸಿಗುವ ದೋಷ ಇದು. ಮಿಕ್ಸರ್ ಹಾಲಿನ ಹಿಂದುಗಡೆ ಒಂದು ಪ್ಲಗ್ ಪಾಯಿಂಟಿನಲ್ಲಿ. ಆ್ಯಂಪ್ ವೇದಿಕೆ ಪಕ್ಕ ಇನ್ನೊಂದು ಪಾಯಿಂಟಿನಲ್ಲಿ. ಎರಡಕ್ಕೂ ಅರ್ಥ್ ಇದೆ, ಆದರೆ ಎರಡು ಅರ್ಥ್‌ಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಆಡಿಯೋ ಕೇಬಲಿನ ಹೊರಗಿನ ಜಾಲರಿ ಈ ಎರಡನ್ನೂ ಸೇರಿಸುತ್ತದೆ. ಜಾಲರಿಯಲ್ಲಿ 50 ಹರ್ಟ್ಜ್ ಕರೆಂಟು ಮತ್ತು ಅದರ ಬೆಸ ಹಾರ್ಮೋನಿಕ್‌ಗಳು ಹರಿಯತೊಡಗುತ್ತವೆ. ಆ್ಯಂಪ್ ಅದನ್ನೂ ಹಾಡು ಅಂದುಕೊಂಡು ದೊಡ್ಡದು ಮಾಡುತ್ತದೆ.

ಪರೀಕ್ಷೆ ಸುಲಭ. ಮಿಕ್ಸರಿಗೂ ಆ್ಯಂಪಿಗೂ ಒಂದೇ ಪಾಯಿಂಟಿನಿಂದ, ಅರ್ಥ್ ಇರುವ ದಪ್ಪ ವೈರಿನ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿನಿಂದ ಕರೆಂಟ್ ಕೊಡಿ. ಸದ್ದು ಸತ್ತರೆ ಲೂಪ್ ಇತ್ತು ಅಂತ ಅರ್ಥ. ಹಾಗೇ ಬಿಟ್ಟರೂ ನಡೆಯುತ್ತದೆ. ದೂರ ಜಾಸ್ತಿ ಇದ್ದು ಅದು ಆಗದಿದ್ದರೆ ಆಡಿಯೋ ಲೈನಿನ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಕೀಬೋರ್ಡ್, ಲ್ಯಾಪ್‌ಟಾಪ್‌ಗೆ ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಪುಟ್ಟ ಪೆಟ್ಟಿಗೆ) ಬಳಸಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಆ ಸ್ವಿಚ್ ಆಡಿಯೋ ಜಾಲರಿಯನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೇ ಇರುತ್ತದೆ.

ಈಗ ಅರ್ಥ್ ಪಿನ್ ಕೀಳುವ ವಿಷಯ. ಕಿತ್ತರೆ ಗುಂಯ್ ನಿಲ್ಲುತ್ತದೆ, ಸುಳ್ಳಲ್ಲ. ಲೂಪ್ ತುಂಡಾಗುತ್ತದಲ್ಲ. ಆದರೆ ನಾಳೆ ಆ್ಯಂಪಿನೊಳಗೆ ಫೇಸ್ ವೈರ್ ಕ್ಯಾಬಿನೆಟ್ಟಿಗೆ ತಾಗಿದರೆ ಆ 230 ವೋಲ್ಟ್ ಆಡಿಯೋ ಕೇಬಲಿನ ಜಾಲರಿ ಹಿಡಿದು ಮೈಕಿನ ಲೋಹದ ಜಾಲರಿಗೆ ಬರುತ್ತದೆ. ಅಲ್ಲಿ ಹಾಡುವವರ ತುಟಿ ಇದೆ. ಯಾರು ಎಷ್ಟೇ ಅವಸರ ಮಾಡಲಿ, ಈ ಒಂದು ಕೆಲಸ ಮಾಡಬೇಡಿ.

ವೀಣೆಗೆ ಹಾಕಿದ ಪಿಕಪ್‌ನಿಂದ ಗುಂಯ್ ಬರುತ್ತಿದ್ದರೆ ಇನ್ನೆರಡು ಪರೀಕ್ಷೆ ಇವೆ. ಮ್ಯಾಗ್ನೆಟಿಕ್ ಪಿಕಪ್ ಆದರೆ ವಾದ್ಯವನ್ನು ನಿಧಾನವಾಗಿ ಬೇರೆ ದಿಕ್ಕಿಗೆ ತಿರುಗಿಸಿ. ಸದ್ದು ಹೆಚ್ಚು ಕಡಿಮೆ ಆದರೆ ಹತ್ತಿರದಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆ ಏನೋ ಇದೆ. ಅದನ್ನು ದೂರ ಸರಿಸಿ. ತಂತಿ ಮುಟ್ಟಿದಾಗ ಸದ್ದು ಇಳಿದರೆ ಪಿಕಪ್‌ನ ವೈರಿಗೆ ಜಾಲರಿ ಸರಿಯಿಲ್ಲ, ಅಥವಾ ಜಾಕ್‌ನ ಬೆಸುಗೆ ಬಿಟ್ಟಿದೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದಾಗ ಸದ್ದು ನಿಂತರೆ ಚಾರ್ಜರೇ ಕಾರಣ. ಟೂ ಪಿನ್ ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಜುಮ್ಮೆನ್ನುತ್ತದಲ್ಲ, ಅದೇ ಸೋರಿಕೆ ಇಲ್ಲಿ ಸದ್ದಾಗಿ ಬರುತ್ತಿದೆ.

100, 200, 300 ಬಂದಿದೆ: ಕೆಪ್ಯಾಸಿಟರ್

ಹಳೇ ಕಾಲದ, ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಆ್ಯಂಪ್‌ಗಳಲ್ಲಿ ಇದು ಮಾಮೂಲು. ಒಳಗಿನ ಬ್ರಿಡ್ಜ್ ರೆಕ್ಟಿಫೈಯರ್ ಅಲೆಯ ಕೆಳಗಿನ ಅರ್ಧವನ್ನೂ ಮೇಲಕ್ಕೆ ಮಡಚುತ್ತದೆ. ಹಾಗಾಗಿ ಸೆಕೆಂಡಿಗೆ 50ರ ಬದಲು 100 ಗುಡ್ಡಗಳು. ಅವನ್ನು ಸಮ ಮಾಡುವುದು ಫಿಲ್ಟರ್ ಕೆಪ್ಯಾಸಿಟರಿನ ಕೆಲಸ. ವಯಸ್ಸಾಗಿ ಅದು ಒಣಗಿದರೆ ಗುಡ್ಡಗಳು ಉಳಿದುಕೊಳ್ಳುತ್ತವೆ, ನೀವು 100 ಹರ್ಟ್ಜ್ ಕೇಳುತ್ತೀರಿ.

ಗುರುತು ಏನು? ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ಇರುತ್ತದೆ. ಇನ್‌ಪುಟ್ ಕೇಬಲನ್ನು ಕಿತ್ತು ಇಟ್ಟರೂ ಇರುತ್ತದೆ. ಆನ್ ಮಾಡಿದ ಹೊಸತರಲ್ಲಿ ಜೋರಾಗಿದ್ದು, ಬಿಸಿಯಾದ ಮೇಲೆ ಕೊಂಚ ಇಳಿಯಬಹುದು. ಜೋರು ಬೇಸ್ ಬಂದಾಗ ದನಿ ಒಡೆದಂತೆ ಆಗುತ್ತದೆ, ಏಕೆಂದರೆ ಕರೆಂಟ್ ಹೆಚ್ಚು ಎಳೆದಷ್ಟೂ ಗುಡ್ಡ ದೊಡ್ಡದು.

100ರ ಏಣಿ ಇದ್ದದ್ದು ಹಠಾತ್ತಾಗಿ 50, 100, 150, 200 ಹೀಗೆ ಎಲ್ಲ ಪಟ್ಟುಗಳ ಏಣಿಯಾದರೆ ಬ್ರಿಡ್ಜ್‌ನ ಡಯೋಡ್ ಒಂದು ಓಪನ್ ಆಗಿದೆ ಅಂತ ಊಹಿಸಬಹುದು. ಅರ್ಧ ಅಲೆ ಮಾತ್ರ ದಾಟುತ್ತಿದೆ.

ಕ್ಯಾಬಿನೆಟ್ ಬಿಚ್ಚುವುದು ಮೆಕ್ಯಾನಿಕ್ ಕೆಲಸ. ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಈಗಿನ ಹಗುರ ಆ್ಯಂಪ್‌ಗಳ ಸ್ವಿಚಿಂಗ್ ಸಪ್ಲೈ ಒಳಗೆ ಅದು ಸುಮಾರು 325 ವೋಲ್ಟ್. ಸುಮ್ನೆ ಕುತೂಹಲಕ್ಕೆ ಬೆರಳು ಹಾಕುವ ಜಾಗ ಅಲ್ಲ.

ಒಂದು ವಿಷಯ ಬೆರೆಸಿಕೊಳ್ಳಬೇಡಿ. ಸ್ಪೀಕರ್ ವೈರ್ ತೆಗೆದಿಟ್ಟರೂ ಆ್ಯಂಪಿನ ಪೆಟ್ಟಿಗೆಯೇ ಗುಂಯ್ ಅನ್ನುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರಿನ ಮೈ ಸದ್ದು. ಅಲೆಯ ಎರಡೂ ಅರ್ಧಗಳಲ್ಲಿ ಕಬ್ಬಿಣದ ಹಾಳೆಗಳು ಒಂಚೂರು ಹಿಗ್ಗಿ ಕುಗ್ಗುತ್ತವೆ, ಆದ್ದರಿಂದ ಅದೂ 100 ಹರ್ಟ್ಜ್‌ನದ್ದೇ. ಬೀದಿಯ ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತಾಗ ಕೇಳುವುದೂ ಇದೇ. ಸ್ಕ್ರೂ ಬಿಗಿ ಮಾಡಿಸಿ ನೋಡಿ, ಅದಕ್ಕೆ ಆಡಿಯೋ ಕೇಬಲ್ ಹುಡುಕಬೇಡಿ.

ಜರ್ರ್ ಅನ್ನುವ ಚೂಪು ಸದ್ದು

ಡಿಮ್ಮರ್ ಪ್ರತಿ ಅರ್ಧ ಅಲೆಯಲ್ಲೂ ಕರೆಂಟನ್ನು ಸ್ವಲ್ಪ ಹೊತ್ತು ತಡೆದು ಒಮ್ಮೆಲೇ ಬಿಡುತ್ತದೆ. ಆ ಕಡಿದಾದ ಏರಿಕೆಯಲ್ಲಿ ನೂರಾರು ಹಾರ್ಮೋನಿಕ್‌ಗಳು ಇರುತ್ತವೆ. ಪತ್ತೆ ಮಾಡಲು ವೇದಿಕೆಯ ದೀಪದ ನಾಬನ್ನು ನಿಧಾನವಾಗಿ ತಿರುಗಿಸುತ್ತಾ ಕಿವಿಗೊಡಿ. ನಡು ಭಾಗದಲ್ಲಿ ಸದ್ದು ಅತಿ ಜೋರಾಗಿ, ಪೂರ್ತಿ ಆನ್ ಆದಾಗ ಕಮ್ಮಿಯಾದರೆ ಅದೇ ಕಳ್ಳ. ನಡುವಿನಲ್ಲೇ ಯಾಕೆ ಅಂದರೆ, ಅಲೆ ತುತ್ತತುದಿಯಲ್ಲಿರುವಾಗ ಸ್ವಿಚ್ ಆದರೆ ವೋಲ್ಟೇಜ್ ಸೊನ್ನೆಯಿಂದ ಸೀದಾ 325ಕ್ಕೆ ಹಾರುತ್ತದೆ. ದೀಪ ಮತ್ತು ಸೌಂಡಿಗೆ ಬೇರೆ ಬೇರೆ ಫೇಸ್ ಕೊಡಿಸಿ. ದೀಪದ ವೈರಿನ ಪಕ್ಕದಲ್ಲೇ ಮೈಕ್ ಕೇಬಲ್ ಎಳೆಯಬೇಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಗುಂಯ್ ಇಲ್ಲ, ಆದರೆ ದನಿ ಒಡೆಯುತ್ತಿದೆ

ಇದೂ ಹಾರ್ಮೋನಿಕ್ ಕಥೆಯೇ. ಆ್ಯಂಪಿಗೆ ತಾಕತ್ತು ಮೀರಿ ಸಿಗ್ನಲ್ ಕೊಟ್ಟರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಸೈನ್ ಅಲೆ ಸ್ಕ್ವೇರ್ ಕಡೆಗೆ ವಾಲುತ್ತದೆ, ಬೆಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಅದೇ ಎತ್ತರದ ಪೂರ್ತಿ ಸ್ಕ್ವೇರ್ ಅಲೆಯ ಪವರ್ ಸೈನ್ ಅಲೆಯ ಎರಡು ಪಟ್ಟು. ಟ್ವೀಟರ್ ಸುಟ್ಟುಹೋಗುವುದಕ್ಕೆ ಇದು ಒಂದು ಮುಖ್ಯ ಕಾರಣ.

ಫೋನಿನಿಂದ 1000 ಹರ್ಟ್ಜ್ ಟೋನ್ ಹಾಕಿ. ಇನ್ನೊಂದು ಫೋನನ್ನು ಸ್ಪೀಕರಿನಿಂದ ಕೆಲವು ಅಡಿ ದೂರ ಹಿಡಿಯಿರಿ. ತೀರಾ ಹತ್ತಿರ ಹಿಡಿದರೆ ಆ ಫೋನಿನ ಮೈಕೇ ಒಡೆದು ಸುಳ್ಳು ಹಾರ್ಮೋನಿಕ್ ತೋರಿಸುತ್ತದೆ. 3000, 5000ದಲ್ಲಿ ಗೀರು ಏಳುತ್ತಿದ್ದರೆ ಆ್ಯಂಪಿನ ವಾಲ್ಯೂಮ್ ಇಳಿಸಿ. ಗೀರುಗಳು ಮಾಯವಾದರೆ ಒಡೆಯುತ್ತಿದ್ದದ್ದು ಆ್ಯಂಪಿನಲ್ಲಿ. 1000ದ ಜೊತೆಗೆ ಅವೂ ಅದೇ ಅಳತೆಯಲ್ಲಿ ಇಳಿದರೆ ಅಲೆ ಅದಕ್ಕೂ ಮೊದಲೇ ಒಡೆದಿದೆ. ಮಿಕ್ಸರಿನ ಗೇನ್ (ಒಳಬರುವ ಸಿಗ್ನಲನ್ನು ಮೊದಲು ದೊಡ್ಡದು ಮಾಡುವ ನಾಬ್) ಇಳಿಸಿ. ಎಷ್ಟೋ ಸಲ ಗೇನ್ ತುದಿ ಮುಟ್ಟಿರುತ್ತದೆ, ಫೇಡರ್ ತಳದಲ್ಲಿರುತ್ತದೆ. ಕೆಂಪು ದೀಪ ಮಿನುಗುತ್ತಿದ್ದರೂ ಫೇಡರ್ ಕೆಳಗಿದೆಯಲ್ಲ ಅಂತ ಯಾರೂ ನೋಡುವುದಿಲ್ಲ. 2000ದಲ್ಲಿ ದೊಡ್ಡ ಗೀರು ಕಂಡರೆ ಅಲೆಯ ಒಂದು ಪಕ್ಕ ಮಾತ್ರ ಕತ್ತರಿಸುತ್ತಿದೆ. ಅದನ್ನು ಮೆಕ್ಯಾನಿಕ್‌ಗೆ ಬಿಡಿ.

ಸೀರಿಯಲ್ ಸೆಟ್ ಹಾಕಿದಾಗ ಗುಂಯ್ ಜಾಸ್ತಿಯಾದರೆ

ಇದನ್ನು ಸೌಂಡಿನ ದೋಷ ಅಂತ ಬಿಡಬೇಡಿ. ಅಲಂಕಾರದ ಎಲ್‌ಇಡಿ, ಪಾರ್ ಲೈಟ್, ದೊಡ್ಡ ಪರದೆ ಎಲ್ಲ ಆನ್ ಆದಾಗ 150 ಹರ್ಟ್ಜ್ ಗೀರು ಮೇಲೇರಿದರೆ ಹಾಲಿನ ನ್ಯೂಟ್ರಲ್ ವೈರನ್ನು ನೋಡಿಸಬೇಕು.

ತ್ರೀ ಫೇಸ್‌ನಲ್ಲಿ ಲೋಡ್ ಸಮನಾಗಿ ಹಂಚಿದರೆ ನ್ಯೂಟ್ರಲ್‌ನಲ್ಲಿ ಏನೂ ಹರಿಯುವುದಿಲ್ಲ ಅಂತ ನಾವೆಲ್ಲ ಕಲಿತಿದ್ದೇವೆ. 50 ಹರ್ಟ್ಜ್ ಮಟ್ಟಿಗೆ ಅದು ನಿಜ. 50ರ ಒಂದು ಸುತ್ತು 20 ಮಿಲಿಸೆಕೆಂಡ್. ಒಂದು ಫೇಸಿಗಿಂತ ಇನ್ನೊಂದು ಅದರ ಮೂರನೇ ಒಂದು ಭಾಗ, ಅಂದರೆ 6.67 ಮಿಲಿಸೆಕೆಂಡ್ ಹಿಂದೆ. ಮೂರೂ ಸೇರಿದಾಗ ಒಂದನ್ನೊಂದು ಅಳಿಸುತ್ತವೆ. ಆದರೆ 150 ಹರ್ಟ್ಜ್‌ನ ಪೂರ್ತಿ ಸುತ್ತೇ 6.67 ಮಿಲಿಸೆಕೆಂಡ್. ಮೂರೂ ಫೇಸಿನ 150ಗಳು ಒಂದೇ ಹೊತ್ತಿಗೆ ಏರುತ್ತವೆ, ಒಂದೇ ಹೊತ್ತಿಗೆ ಇಳಿಯುತ್ತವೆ. ಅಳಿಸುವ ಬದಲು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತವೆ. ಎಲ್‌ಇಡಿ, ಪರದೆಗಳ ಒಳಗೂ ರೆಕ್ಟಿಫೈಯರ್ ಇರುತ್ತದೆ; ಲೋಡ್ ಎಲ್ಲ ಅಂಥದ್ದೇ ಆದರೆ ನ್ಯೂಟ್ರಲ್ ಕರೆಂಟು ಫೇಸಿನ ಕರೆಂಟಿನ 1.73 ಪಟ್ಟು ತನಕ ಹೋಗಬಹುದು. ಹಳೇ ಕಟ್ಟಡಗಳಲ್ಲಿ ನ್ಯೂಟ್ರಲ್ ವೈರ್ ಫೇಸಿಗಿಂತ ತೆಳುವಾಗಿರುವುದೂ ಉಂಟು. ಅದು ಕಾಯುತ್ತದೆ. ಜಾಯಿಂಟ್ ಸುಟ್ಟು ನ್ಯೂಟ್ರಲ್ ಕಡಿದರೆ ಕೆಲವು ಪಾಯಿಂಟ್‌ಗಳಿಗೆ 230ಕ್ಕಿಂತ ಎಷ್ಟೋ ಜಾಸ್ತಿ ವೋಲ್ಟೇಜ್ ಬಂದು ಮಿಕ್ಸರ್, ಲೈಟ್ ಎಲ್ಲ ಒಟ್ಟಿಗೇ ಹೋಗುತ್ತವೆ.

ಎಲೆಕ್ಟ್ರಿಷಿಯನ್ನರನ್ನು ಕರೆಸಿ, ನ್ಯೂಟ್ರಲ್‌ಗೆ ಕ್ಲ್ಯಾಂಪ್ ಮೀಟರ್ ಹಾಕಿ ಅಳೆಯಲು ಹೇಳಿ. ಮೀಟರ್ ಟ್ರೂ ಆರ್‌ಎಂಎಸ್ ಆಗಿರಬೇಕು. ಅಗ್ಗದ ಮೀಟರ್‌ಗಳು ಸೈನ್ ಅಲೆ ಅಂತಲೇ ಲೆಕ್ಕ ಹಾಕುತ್ತವೆ, ಹಾಗಾಗಿ ಇಂಥ ಮೊನಚು ಅಲೆಗೆ ನಿಜಕ್ಕಿಂತ ಕಡಿಮೆ ತೋರಿಸುತ್ತವೆ. ಸುಟ್ಟ ವಾಸನೆ ಬರುತ್ತಿದ್ದರೆ ಅಳತೆಗೂ ಕಾಯಬೇಡಿ, ಅಲಂಕಾರದ ಲೈಟುಗಳನ್ನು ಮೊದಲು ಆಫ್ ಮಾಡಿಸಿ.

ರಿಪೇರಿಗೆ ಕೊಡುವಾಗ

"ಗುಂಯ್ ಅನ್ನುತ್ತೆ ನೋಡಿ" ಅಂತಷ್ಟೇ ಹೇಳಿ ಆ್ಯಂಪ್ ಬಿಟ್ಟು ಬಂದರೆ ಅಂಗಡಿಯಲ್ಲಿ ಆ ಸದ್ದು ಬಾರದೇ ಇರಬಹುದು. ಅರ್ಥ್ ಲೂಪ್ ಆಗಿದ್ದರೆ ಖಂಡಿತ ಬರುವುದಿಲ್ಲ, ಲೂಪ್ ನಿಮ್ಮ ಹಾಲಿನಲ್ಲೇ ಉಳಿದಿರುತ್ತದೆ. ಒಂದು ಚೀಟಿಯಲ್ಲಿ ಬರೆದು ಕೊಡಿ: ಯಾವ ಏಣಿ ಕಂಡಿತು, ಇನ್‌ಪುಟ್ ಕೇಬಲ್ ತೆಗೆದಾಗ ಉಳಿಯಿತಾ, ವಾಲ್ಯೂಮ್ ಜೊತೆ ಬದಲಾಯಿತಾ, ಬಿಸಿಯಾದ ಮೇಲೆ ಏನಾಯಿತು, ಜನರೇಟರ್ ಮೇಲೆ ಏನಾಯಿತು. ಸ್ಪೆಕ್ಟ್ರಮ್ ಪರದೆಯ ಫೋಟೋ ತೆಗೆದಿದ್ದರೆ ಅದನ್ನೂ ಕಳಿಸಿ. ಪೆಟ್ಟಿಗೆ ಬಿಚ್ಚುವ ಮೊದಲೇ ಕೆಪ್ಯಾಸಿಟರ್ ತರಿಸಬೇಕೋ ಬೇಡವೋ ಅಂತ ಅವರಿಗೆ ಅಂದಾಜು ಸಿಕ್ಕಿರುತ್ತದೆ.